ಕೆಂಪು ಬಾಣ

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ದಾಕ್ಷಾಯಣಿ ಜಗಳಗಂಟಿ ಅನ್ನಬೇಡಿ. ಸ್ಕರ್ಟಿಗೆ ರಫೂ ಹಾಕಿಸಿದ್ದಾಳೆ ಎಂಬ ಒಂದೇ ಕಾರಣಕ್ಕೆ ನಿಮ್ಮ ಮಗಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಅಂದರೆ ನಿಮಗೇನು ನಗು ಬರುತ್ತದೆಯೇ?

ಸ್ಕರ್ಟ್ ಹರಿದದ್ದು ಬಸ್ಸಿನಲ್ಲಿ. ಸೀಟಿನ ಮೊಳೆಗೆ ಸಿಕ್ಕಿ ಒಂದು ಗೇಣು ಹರಿಯಿತು. ಕೀರ್ತಿ ಈಗ ಒಂಬತ್ತನೇ ಕ್ಲಾಸು, ಸ್ಕರ್ಟ್ ಕೊಂಡು ಎರಡು ವರ್ಷವಾಗಿದೆ. ಗಟ್ಟಿ ಬಟ್ಟೆ, ಕೆಳಗಿನ ಮಡಿಕೆ ಬಿಚ್ಚಿದರೆ ಇನ್ನೂ ಎರಡಿಂಚು ಉದ್ದ ಸಿಗುತ್ತದೆ. ಅಂಥದ್ದನ್ನು ಎಸೆಯಲು ನನಗೇನು ತಲೆ ಕೆಟ್ಟಿದೆಯೇ? ಅಟ್ಟೂರಿನ ನಮ್ಮ ವಠಾರದ ಮೇಲಿನ ಮನೆಯ ಸಬೀರಾಳಿಗೆ ಕೊಟ್ಟೆ. ಯಲಹಂಕದಿಂದ ಬ್ಯಾಟರಾಯನಪುರದವರೆಗೆ ಡ್ರೈ ಕ್ಲೀನಿಂಗ್ ಅಂಗಡಿಯವರೆಲ್ಲ ರಫೂ ಕೆಲಸ ಕೊಡುವುದು ಅವಳಿಗೇ. ಸ್ಕರ್ಟಿನ ಮಡಿಕೆಯಿಂದಲೇ ಎಳೆ ತೆಗೆದು, ಹರಿದಲ್ಲಿ ಒಂದೊಂದಾಗಿ ಹೆಣೆದು ಕೊಟ್ಟಳು. ಕೆಲಸ ಮುಗಿದ ಕಡೆ, ಬಟ್ಟೆಯ ಹಿಂಬದಿಯಲ್ಲಿ, ಎಳ್ಳುಕಾಳಿನಷ್ಟು ಒಂದು ಅಡ್ಡ ಗಂಟು ಹಾಕುತ್ತಾಳೆ. ಅವಳ ನಾನಿ, ತಾಯಿಯ ತಾಯಿ, ಕಲಿಸಿದ್ದಂತೆ.

"ಮುಂದಿಂದ ಯಾರ್ಗೂ ಕಾಣಲ್ಲ ದಾಕ್ಷಾ," ಅಂದಳು. "ಹಿಂದಿಂದ ನಂಗೆ ಮಾತ್ರ ಗೊತ್ತಾಗುತ್ತೆ."

ನಿಜಕ್ಕೂ ಯಾರಿಗೂ ಕಾಣಲಿಲ್ಲ. ಕೆಡಿಸಿದ್ದು ನನ್ನ ಮಗಳ ಬಾಯಿ. "ಎಲ್ಲಿ ಹರಿದಿತ್ತು ಹೇಳ್ರೇ ನೋಡೋಣ," ಎಂದು ಗೆಳತಿಯರಿಗೆಲ್ಲ ಹೆಮ್ಮೆಯಿಂದ ಸ್ಕರ್ಟ್ ತೋರಿಸಿದ್ದಾಳೆ. ಅದು ಟೀಚರ ಕಿವಿಗೆ ಬಿತ್ತು. ಸಂಜೆ ಡೈರಿಯಲ್ಲಿ ಚೀಟಿ ಬಂತು: ರಿಪೇರಿ ಮಾಡಿದ ಯೂನಿಫಾರಂ ಹಾಕುವಂತಿಲ್ಲ, ಶಾಲೆಯ ಸ್ಟೋರಿನಿಂದಲೇ ಹೊಸದು ಕೊಳ್ಳಬೇಕು, ಇಲ್ಲವಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮರುದಿನ ಹತ್ತು ಗಂಟೆಗೆ ಗಣಿತದ ಅರ್ಧವಾರ್ಷಿಕ ಪರೀಕ್ಷೆ. ಬೆಳಿಗ್ಗೆ ಹೆಮ್ಮೆಪಟ್ಟಿದ್ದ ಹುಡುಗಿ ರಾತ್ರಿ ಊಟ ಮಾಡಲಿಲ್ಲ.

"ಹೋಗ್ಲಿ ಬಿಡೆ, ಒಂದು ಹೊಸದು ತಗೊಂಡ್ಬಿಡು," ಅಂದರು ನನ್ನ ಗಂಡ ಸತೀಶ್.

ಆರ್ಡರ್ ಇಲ್ಲವೆಂದು ನನ್ನ ಫ್ಯಾಕ್ಟರಿಯಲ್ಲಿ ವಾರಕ್ಕೆ ನಾಲ್ಕೇ ದಿನ ಕೆಲಸ. ಮನೆಗೆ ಎಣ್ಣೆ ತರುವುದನ್ನೇ ಅರ್ಧ ಲೀಟರಿಗೆ ಇಳಿಸಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಹೋಗಲಿ, ಹೊಸದು ಚೆನ್ನಾಗಿದ್ದರೆ ಹೇಗಾದರೂ ಮಾಡಿ ತರಬಹುದಿತ್ತು.

ನನ್ನ ಕೆಲಸ ಹೇಳಲೇಬೇಕು. ಯಶವಂತಪುರದ ಗಾರ್ಮೆಂಟ್ಸ್ ಒಂದರಲ್ಲಿ ಹನ್ನೊಂದು ವರ್ಷದಿಂದ ನಾನು ಚೆಕಿಂಗ್‌ನಲ್ಲಿದ್ದೇನೆ. ಯಾವ ಬಟ್ಟೆ ಮೇಜಿನ ಮೇಲೆ ಬಂದರೂ ಮೊದಲು ಒಳಮೈ ತಿರುವಬೇಕು. ದೋಷ ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ದಿನಕ್ಕೆ ನೂರಾರು ಬಟ್ಟೆ, ಕಣ್ಣಿಗಿಂತ ಮೊದಲು ಕೈಯೇ ಓಡುತ್ತದೆ. ಮದುವೆಮನೆಯಲ್ಲೂ ಪಕ್ಕದವರ ಸೆರಗಿನ ಅಂಚು ತಿರುವಿ ನೋಡಿಬಿಡುತ್ತೇನೆ. ಈ ಚಟಕ್ಕೆ ಸತೀಶ್ ಹತ್ತಿರ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಮರುದಿನ ಒಂದು ಗಂಟೆ ಪರ್ಮಿಷನ್ ಕೇಳಿ, ಫ್ಯಾಕ್ಟರಿ ಕೋಟಿನಲ್ಲೇ ಶಾಲೆಗೆ ಹೋದೆ. ಸ್ಟಿಕ್ಕರ್ ಹಾಳೆ ಜೇಬಿನಲ್ಲೇ ಇತ್ತು. ಪರೀಕ್ಷೆಯ ಕೋಣೆಯ ಹೊರಗೆ ಮೂರು ಹುಡುಗಿಯರನ್ನು ಗೋಡೆಗೆ ನಿಲ್ಲಿಸಿದ್ದರು. ನಮ್ಮ ಕೀರ್ತಿ, ತೋಳಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಅಸ್ಮಾ, ಕಾಲರ್ ತಿರುವಿ ಹೊಲಿಸಿಕೊಂಡಿದ್ದ ಇನ್ನೊಂದು ಮಗು. ಹೋಗುವವರು ಬರುವವರೆಲ್ಲ ನೋಡುತ್ತಿದ್ದರು. ಕಳ್ಳತನ ಮಾಡಿದವರನ್ನೂ ಹೀಗೆ ನಿಲ್ಲಿಸುವುದಿಲ್ಲ.

"ಅಮ್ಮಾ, ಗಲಾಟೆ ಮಾಡ್ಬೇಡ, ಪ್ಲೀಸ್," ಅಂದಳು ಕೀರ್ತಿ, ತಲೆ ಎತ್ತದೆ. ಮೈಯೆಲ್ಲ ಉರಿದುಹೋಯಿತು.

ಪ್ರಿನ್ಸಿಪಾಲ್ ಮೇಡಂ ಹಸಿರು ರೇಷ್ಮೆ ಸೀರೆಯುಟ್ಟು ಕೂತಿದ್ದರು. "ನೋಡಿ, ಇದು ದುಡ್ಡಿನ ಪ್ರಶ್ನೆ ಅಲ್ಲ, ಡಿಸಿಪ್ಲಿನ್," ಅಂದರು. "ರಿಪೇರಿ ಬಟ್ಟೆ ಹಾಕ್ಕೊಂಡು ಬಂದ್ರೆ ಸ್ಕೂಲಿನ ಇಮೇಜ್ ಏನಾಗ್ಬೇಕು?"

"ಆಯ್ತು ಮೇಡಂ, ಹೊಸದು ತೋರ್ಸಿ. ನೋಡ್ತೀನಿ."

ಸ್ಟೋರ್ ನೋಡಿಕೊಳ್ಳುವ ಪಿಳ್ಳಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಸ್ಕರ್ಟ್ ತಂದಿಟ್ಟ. ಥಳಥಳ ಹೊಳೆಯುತ್ತಿತ್ತು. ಒಳಮೈ ತಿರುವಿದೆ. ಪಕ್ಕದ ಹೊಲಿಗೆ ಎರಡು ಕಡೆ ತಪ್ಪಿತ್ತು: ಎರಡು ಬಾಣ. ಜಿಪ್ ಸೊಟ್ಟಗಿತ್ತು: ಒಂದು ಬಾಣ. ಸುಮ್ಮನೆ ಹೀಗೆ ಎಳೆದರೆ ಹೊಲಿಗೆ ಬಾಯಿ ಬಿಟ್ಟಿತು. ಒಟ್ಟು ಒಂಬತ್ತು ಬಾಣ ಅಂಟಿಸಿದೆ.

"ಏನ್ರೀ ಮಾಡ್ತಿದ್ದೀರಾ?"

"ನನ್ ಕೆಲ್ಸ ಮೇಡಂ. ಮೇಲೆಲ್ಲಾ ಥಳುಕು, ಒಳಗೆಲ್ಲಾ ಹುಳುಕು. ಇದು ದೀಪಾವಳಿವರೆಗೂ ಬಾಳಲ್ಲ. ಹರಿದ್ರೆ ಹೊಲಿಯೋಣ ಅಂದ್ರೆ ಒಳಗೆ ಬಟ್ಟೇನೇ ಬಿಟ್ಟಿಲ್ಲ. ಎಸೀಲಿ ಅಂತಾನೇ ಹೊಲಿದಿದ್ದಾರೆ ಇದನ್ನ!"

"ಹೌದು ಮೇಡಂ, ಹೋದ್ ವಾರ ಎರಡು ವಾಪಸ್ ಬಂದ್ವು," ಅಂದ ಪಿಳ್ಳಣ್ಣ, ಪಾಪ, ಸತ್ಯವಂತ.

"ಪಿಳ್ಳಣ್ಣ, ಹೊರಗೆ ನಿಂತ್ಕೋ!" ಎಂದು ಮೇಡಂ ಎದ್ದು, ಸ್ಕರ್ಟನ್ನು ಕಿತ್ತುಕೊಳ್ಳಲು ಮೇಜಿನ ಮೇಲೆ ಬಗ್ಗಿದರು. ಅವರ ಸೆರಗು ಜಾರಿ ಹಿಂಬದಿ ಮೇಲಾಗಿ ನನ್ನ ಮುಂದೆಯೇ ಬಿತ್ತು.

ದೇವರಾಣೆ, ನಾನು ಬೇಕೆಂದು ಮಾಡಲಿಲ್ಲ. ಹನ್ನೊಂದು ವರ್ಷದ ಕೈ. ಮೇಜಿನ ಮೇಲೆ ಬಟ್ಟೆ ಬಂತು, ಬೆರಳು ಓಡಿತು, ಬಾಣ ಅಂಟಿತು. ಆಮೇಲೆಯೇ ನಾನು ಕಣ್ಣಿಟ್ಟು ನೋಡಿದ್ದು. ಜರಿಯ ಪಕ್ಕದಲ್ಲಿ ರಫೂ ಇತ್ತು, ಅದರ ತುದಿಗೆ ಎಳ್ಳುಕಾಳಿನಷ್ಟು ಅಡ್ಡ ಗಂಟು.

"ಅಯ್ಯೋ ಶಿವನೇ," ಅಂದೆ. "ಇದು ಸಬೀರಾ ಕೈ."

"ಯಾರು?"

"ಈ ಸೀರೆಗೆ ರಫೂ ಹಾಕಿದ್ದು ನಮ್ ಮೇಲಿನ ಮನೆ ಸಬೀರಾ, ಮೇಡಂ. ನನ್ ಮಗಳ ಸ್ಕರ್ಟಿಗೆ ಹಾಕಿದ್ದೂ ಅವಳೇ. ಇದೇ ಗಂಟು ಅದರಲ್ಲೂ ಇದೆ. ಮಗಳನ್ನ ಕರೆದು ನೋಡಿ ಬೇಕಾದ್ರೆ."

ಮೇಡಂ ಮುಖ ಕೆಂಪಗಾಯಿತು. ಸೆರಗನ್ನು ಎಳೆದು ಎದೆಗೆ ಹಿಡಿದುಕೊಂಡರು. "ಇದು ನಮ್ಮಮ್ಮನ ಸೀರೆ," ಅಂದರು ಸಣ್ಣ ದನಿಯಲ್ಲಿ.

"ಅದಕ್ಕೇ ಎಸೀಲಿಲ್ಲ ನೀವು. ಒಳ್ಳೇದನ್ನ ಯಾರಾದ್ರೂ ಎಸೀತಾರಾ? ರಫೂ ಹಾಕ್ಸಿದ್ದಕ್ಕೆ ನಿಮ್ ಇಮೇಜ್ ಹೋಯ್ತಾ ಮೇಡಂ? ನಿಮ್ಮನ್ನ ಯಾರಾದ್ರೂ ಗೋಡೆಗೆ ನಿಲ್ಸಿದ್ರಾ?"

ಹೊರಗೆ ಮೊದಲ ಗಂಟೆ ಹೊಡೆಯಿತು. ಪರೀಕ್ಷೆಗೆ ಇನ್ನು ಐದೇ ನಿಮಿಷ.

"ಸರಿ, ನಿಮ್ ಮಗಳು ಹೋಗಿ ಬರೀಲಿ."

"ಉಳಿದಿಬ್ರು?"

"ಅವರ ಪೇರೆಂಟ್ಸ್ ಬಂದು ಕೇಳ್ಲಿ. ನಿಮಗ್ಯಾಕೆ?"

ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಹೋಗಿಬಿಡೋಣ ಅನ್ನಿಸಿತು. ನನ್ನ ಮಗಳ ಪರೀಕ್ಷೆ, ನನ್ನ ಮಗಳ ವರ್ಷ. ಆದರೆ ಆ ಅಸ್ಮಾಳ ತೋಳಿನ ಹೊಲಿಗೆಯನ್ನು ನಾನು ಬರುವಾಗಲೇ ನೋಡಿದ್ದೆ. ಎಷ್ಟು ನೀಟಾಗಿತ್ತು ಗೊತ್ತೇ? ಯಾವ ತಾಯಿ ಎಷ್ಟು ಹೊತ್ತು ಕೂತು ಹಾಕಿದ್ದಳೋ.

"ಮೂರು ಮಕ್ಳೂ ಹೋಗ್ಬೇಕು ಮೇಡಂ," ಅಂದೆ. ಇಲ್ಲವಾದರೆ ಏನು ಮಾಡುತ್ತೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ. ಜಾಗ ಬಿಟ್ಟು ಕದಲಲಿಲ್ಲ.

ಮೇಡಂ ಸೆರಗಿನ ಮೇಲಿನ ಬಾಣವನ್ನು ಉಗುರಿನಿಂದ ಕೆರೆಯತೊಡಗಿದರು. ಅಂಟು ಬಿಡಲಿಲ್ಲ.

"ಹಂಗೆ ಕೀಳ್ಬೇಡಿ, ಎಳೆ ಕಿತ್ಕೊಂಡು ಬರುತ್ತೆ! ಕೊಡಿ ಇಲ್ಲಿ."

ಸೆರಗನ್ನು ಮೇಜಿನ ಮೇಲೆ ಹಾಸಿದೆ. ಹೆಬ್ಬೆರಳಿನಿಂದ ರೇಷ್ಮೆಯನ್ನು ಒತ್ತಿ ಹಿಡಿದು, ಎಳೆ ಹೋದ ದಿಕ್ಕಿಗೇ ಕೂದಲಷ್ಟು ಕೂದಲಷ್ಟೇ ಬಿಡಿಸಿದೆ. ಸಬೀರಾ ಹಾಕಿದ ಒಂದು ಎಳೆಯೂ ಅಲುಗಲಿಲ್ಲ. ಮೇಡಂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಬಾಣ ಬಿಟ್ಟುಬಂದ ಮೇಲೆ ಆ ಜಾಗವನ್ನು ಎರಡು ಸಲ ಸವರಿದರು.

"ಪಿಳ್ಳಣ್ಣ," ಎಂದು ಕೂಗಿದರು. "ಆ ಮೂರು ಮಕ್ಕಳನ್ನೂ ಒಳಗೆ ಕಳ್ಸು. ಬೇಗ."

ನಾನು ಹೊರಗೆ ಬರುವಷ್ಟರಲ್ಲಿ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಕಿಟಕಿಯಿಂದ ಇಣುಕಿದೆ. ಕೀರ್ತಿ ರಫೂ ಇದ್ದ ಕಡೆ ಒಂದು ಕೈಯಿಟ್ಟುಕೊಂಡು ಬರೆಯುತ್ತಿದ್ದಳು. ಮುಚ್ಚಿಕೊಂಡಿದ್ದಳು, ನನ್ನ ಕಂದ. ನಿನ್ನೆ ಅದನ್ನೇ ಎಲ್ಲರಿಗೂ ತೋರಿಸಿದ್ದವಳು! ಪರೀಕ್ಷೆ ಬರೆದರೂ ಆ ಹೆಮ್ಮೆಯನ್ನು ಇವರು ವಾಪಸ್ ಕೊಡುತ್ತಾರೆಯೇ?

ನೋಟಿಸ್ ಬೋರ್ಡಿನಲ್ಲಿ ಡೈರಿಗೆ ಬಂದಿದ್ದ ಅದೇ ಚೀಟಿ ದೊಡ್ಡ ಅಕ್ಷರದಲ್ಲಿ ನೇತಾಡುತ್ತಿತ್ತು. ಬಿಡಿಸಿದ ಬಾಣ ಇನ್ನೂ ನನ್ನ ಬೆರಳ ತುದಿಯಲ್ಲೇ ಇತ್ತು. "ರಿಪೇರಿ ಮಾಡಿದ ಯೂನಿಫಾರಂ ಹಾಕುವಂತಿಲ್ಲ" ಅನ್ನುವ ಸಾಲಿನ ಮೇಲೆ ಅದನ್ನು ಗಟ್ಟಿಯಾಗಿ ಒತ್ತಿ ಅಂಟಿಸಿ, ಕೆಲಸಕ್ಕೆ ಹೊರಟೆ.