ಎರಡು ಸಣ್ಣ ಹೀಟರುಗಳು

ಸೊಸೆ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅತ್ತೆ ಮೀನಿನ ಗಾಜಿನ ತೊಟ್ಟಿಗೆ ಕಂಬಳಿ ಹೊದಿಸುತ್ತಿದ್ದರು. ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿದ ಬಾಟಲಿಗಳು ತೊಟ್ಟಿಯೊಳಗೆ ತೇಲುತ್ತಿದ್ದವು. ತೊಟ್ಟಿಯ ನೀರು ಕಾಯಿಸುವ ಹೀಟರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ನೀರು ಮಾತ್ರ ಮಧ್ಯಾಹ್ನದಿಂದ ತಣ್ಣಗಾಗುತ್ತಾ ಬಂದಿತ್ತು.

"ದೀಪ ನೋಡಿ ಮೋಸ ಹೋದೆ ಕಣಮ್ಮ. ಕೈ ಅದ್ದಿದ್ರೆ ಜುಮ್ ಅಂತು," ಎಂದರು ಅತ್ತೆ. "ಬ್ಯಾಗ್ ಇಳಿಸ್ಬೇಡ. ಹಾಗೇ ಮೀನಿನ ಅಂಗಡಿಗೆ ಹೊರಡೋಣ."

ಸೊಸೆ ಬಗ್ಗಿ ಕಂಬಳಿಯ ಅಂಚು ಎತ್ತಿ ನೋಡಿದಳು. ಅಗಲವಾದ ಎಲೆಯ ಮೇಲೆ ಮೊಟ್ಟೆಗಳು ಜೇನಿನ ಹನಿಗಳಂತೆ ಅಂಟಿಕೊಂಡಿದ್ದವು, ಇನ್ನೂ ತಿಳಿಯಾಗಿದ್ದವು. ಏಂಜಲ್ ಮೀನಿನ ಜೋಡಿ ಸರದಿಯ ಮೇಲೆ ರೆಕ್ಕೆ ಬೀಸಿ ಅವಕ್ಕೆ ಗಾಳಿ ಹಾಕುತ್ತಿತ್ತು. ಹಿಂದೆ ಎರಡು ಸಲ ಮೊಟ್ಟೆಗಳು ಬೆಳ್ಳಗಾಗಿ ಬೂಷ್ಟು ಹಿಡಿದಿದ್ದವು. ಕೈಗೆ ಬಂದದ್ದು ಬಾಯಿಗೆ ಬಂದಿರಲಿಲ್ಲ. ಈ ಸಲವೂ ಹಾಗಾದರೆ ತಡೆದುಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ತೊಟ್ಟಿ ಅವಳದು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಬಂದವಳು ಸಂಜೆ ಮತ್ತೊಂದು ಗಾಜಿನ ಮುಂದೆ ಕೂರುತ್ತಿದ್ದಳು. ಗಂಡ ದೂರದ ಊರಲ್ಲಿ ಸೇತುವೆ ಕಟ್ಟುವ ಕೆಲಸದಲ್ಲಿದ್ದ. ಬಸ್ ಕಂಡಕ್ಟರಾಗಿ ನಿವೃತ್ತರಾದ ಅತ್ತೆ ಮನೆಗೆ ಬಂದ ಹೊಸತರಲ್ಲಿ ತೊಟ್ಟಿ ನೋಡಿ, ಹುರಿಯೋಕೂ ಆಗದ, ತೊಡೆ ಮೇಲೆ ಕೂರಿಸ್ಕೊಳ್ಳೋಕೂ ಆಗದ ಇದೆಂಥ ಸಾಕಣೆ ಎಂದಿದ್ದರು. ಆಗ ಇಬ್ಬರ ನಡುವೆ ಊಟ ಆಯ್ತಾ, ಗೇಟು ಹಾಕಿದ್ಯಾ ಎಂಬುದಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಆದರೆ ಹಗಲೆಲ್ಲ ಒಬ್ಬರೇ ಇರುವ ಮನೆಯಲ್ಲಿ ಅಲ್ಲಾಡುವುದು ಆ ಮೀನುಗಳಷ್ಟೇ. ಅತ್ತೆಯ ಕುರ್ಚಿ ಕಿಟಕಿಯ ಬಳಿಯಿಂದ ದಿನಕ್ಕಿಷ್ಟು ಜರುಗುತ್ತಾ ತೊಟ್ಟಿಯ ಎದುರಿಗೆ ಬಂದು ನಿಂತಿತ್ತು. ಈ ಸಲ ಮೊಟ್ಟೆ ಇಟ್ಟ ಸುದ್ದಿಯನ್ನು ಅಂಗಡಿಗೆ ಫೋನ್ ಮಾಡಿ ಹೇಳಿದ್ದೂ ಅವರೇ. ಆಗ ಅವರ ದನಿ ಎಷ್ಟು ಏರಿತ್ತೆಂದರೆ, ಕನ್ನಡಕ ಹಾಕಿಸಿಕೊಳ್ಳುತ್ತಿದ್ದ ಗಿರಾಕಿಯೂ ಯಾರಿಗೆ ಮಗುವಾಯಿತೆಂದು ಕೇಳಿದ್ದ.

ಮೀನಿನ ಅಂಗಡಿಯವನಿಗೆ ದಪ್ಪ ಮೀಸೆ. ಎಲ್ಲರೂ ಕರೆಯುವುದು ಮೀಸೆ ಎಂದೇ. ಅವನು ಮೊದಲು ಮೊಳದುದ್ದದ ಹೀಟರೊಂದನ್ನು ಮೇಜಿನ ಮೇಲಿಟ್ಟು, ಇದಕ್ಕೆ ಗ್ಯಾರಂಟಿ ಇದೆ, ಕಣ್ಣು ಮುಚ್ಚಿ ತಗೊಳ್ಳಿ ಎಂದ.

"ಗ್ಯಾರಂಟಿ ಹೀಟರಿಗೋ, ಮೀನಿಗೋ?" ಎಂದು ಕೇಳಿದರು ಅತ್ತೆ.

ಮೀಸೆ ನಕ್ಕುಬಿಟ್ಟ. ಸೊಸೆ ನಗಲಿಲ್ಲ, ಪೆಟ್ಟಿಗೆ ತಿರುಗಿಸಿ ಓದುತ್ತಿದ್ದಳು. ಹೀಟರ್ ಕೆಡುವುದು ಎರಡು ಬಗೆಯಲ್ಲಿ ಎಂದು ಅವಳು ಅತ್ತೆಗೆ ವಿವರಿಸಿದಳು. ಒಂದು, ಕಾಯಿಸುವುದನ್ನೇ ನಿಲ್ಲಿಸುವುದು, ಮನೆಯಲ್ಲಿರುವುದು ಮಾಡಿದ ಹಾಗೆ. ಇನ್ನೊಂದು, ಸಾಕಾದ ಮೇಲೂ ಕಾಯಿಸುತ್ತಲೇ ಇರುವುದು. ಅತ್ತೆ ತಟ್ಟನೆ ಅವಳ ಕೈ ಹಿಡಿದರು.

"ಗೊತ್ತಾಯ್ತು ಬಿಡು. ಇಂಜಿನ್ ನಿಂತ್ರೆ ಜನ ಇಳಿದು ನಡೀತಾರೆ. ಬ್ರೇಕ್ ಹೋದ್ರೆ ಯಾರು ಉಳೀತಾರೆ? ಬ್ರೇಕ್ ನೋಡಿ ತಗೋಬೇಕು."

ಆ ಮಾತಿಗೆ ಸೊಸೆಯ ತಲೆಯಲ್ಲಿ ಏನೋ ಹೊಳೆಯಿತು. ದೊಡ್ಡದೊಂದರ ಬದಲು ಸಣ್ಣವು ಎರಡು ಇದ್ದರೆ? ಒಂದು ನಿಂತರೆ ಇನ್ನೊಂದು ಕಾಯುತ್ತದೆ. ಒಂದು ಹುಚ್ಚು ಹಿಡಿದು ಉರಿದರೂ ಅಷ್ಟು ನೀರನ್ನು ಕುದಿಸುವ ಶಕ್ತಿ ಅದಕ್ಕಿರುವುದಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಮಾತಿಗೆ ವೇಗ ಬಂತು. ಮೀಸೆಯೂ ತಲೆಯಾಡಿಸಿ ಎರಡು ಸಣ್ಣ ಹೀಟರುಗಳನ್ನು ತೆಗೆದ. ಅತ್ತೆಗೆ ಅಷ್ಟು ಸಾಲಲಿಲ್ಲ. ಟಿಕೆಟ್ ಇಲ್ಲದವನನ್ನು ಹಿಡಿದಂತೆ ನಿಂತು, ಇಲ್ಲೇ ಬಕೆಟ್ಟಿಗೆ ಹಾಕಿ ತೋರಿಸಬೇಕೆಂದರು.

ಉಗುರುಬೆಚ್ಚಗಿನ ನೀರು ಬಂತು, ಥರ್ಮಾಮೀಟರ್ ಬಂತು. ಮೀನಿನ ಆಹಾರ ಕೊಳ್ಳಲು ಬಂದಿದ್ದ ಗಂಡಹೆಂಡತಿಯೂ ಬಗ್ಗಿ ನಿಂತರು. ಮೊದಲನೆಯದು ಕಾಯಿತು, ನೀರಿನ ಬಿಸಿ ಗೊತ್ತುಮಾಡಿದ ಗುರುತು ಮುಟ್ಟಿತು, ದೀಪ ತಾನೇ ಆರಿತು. ಅತ್ತೆ ಅಂಗೈಗಳನ್ನು ಉಜ್ಜಿಕೊಂಡರು. ನೀರು ಬದಲಿಸಿದ ಮೇಲೆ ಎರಡನೆಯದೂ ಕಾಯಿತು, ಗುರುತು ಮುಟ್ಟಿತು, ದೀಪ ಆರಲಿಲ್ಲ. ನೀರು ಇನ್ನಷ್ಟು ಕಾಯಿತು. ಥರ್ಮಾಮೀಟರಿನ ಗೆರೆ ಏರುವುದನ್ನು ನೋಡುತ್ತಿದ್ದ ಸೊಸೆಯ ಕಣ್ಣಿಗೆ ಬಕೆಟ್ ಕಾಣಲಿಲ್ಲ, ತನ್ನ ತೊಟ್ಟಿ ಕಂಡಿತು. ಮೀಸೆಯೇ ಕೈ ಚಾಚಿ ಸ್ವಿಚ್ಚು ಆರಿಸಿದ. ಆ ಹೀಟರನ್ನು ಪಕ್ಕಕ್ಕಿಟ್ಟು, ಮುಖ ಒರೆಸಿಕೊಂಡು, ನೀರು ಬದಲಿಸಿ ಹೊಸದೊಂದರ ಪೆಟ್ಟಿಗೆ ಬಿಚ್ಚಿ ಹಾಕಿದ. ಅದರ ದೀಪ ಗುರುತಿನಲ್ಲಿ ಸರಿಯಾಗಿ ಆರಿದಾಗ ಆಹಾರ ಕೊಳ್ಳಲು ಬಂದ ಹೆಂಗಸು ಚಪ್ಪಾಳೆ ತಟ್ಟಿಬಿಟ್ಟಳು.

"ರೈಟ್, ಹೊರಡೋಣ," ಎಂದರು ಅತ್ತೆ.

ಮನೆಯಲ್ಲಿ ಬಾಟಲಿಗಳು ತಣ್ಣಗಾಗಿದ್ದವು. ಸೊಸೆ ತೊಟ್ಟಿಯ ಆ ತುದಿಗೊಂದು, ಈ ತುದಿಗೊಂದು ಹೀಟರ್ ಕೂರಿಸಿ, ಅವುಗಳ ಗಾಜು ನೀರಿಗೆ ಹೊಂದಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಕಾದು ಆಮೇಲೆ ಸ್ವಿಚ್ಚು ಹಾಕಿದಳು. ನೀರು ಮೆಲ್ಲಗೆ ಬಿಸಿಯೇರಿತು. ಇಬ್ಬರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಉಂಡರು. ಅತ್ತೆ ತಮ್ಮ ಬಸ್ಸಿನಲ್ಲೇ ಹುಟ್ಟಿದ ಮಗುವೊಂದರ ಕಥೆ ಹೇಳಿದರು. ಸೊಸೆ ಅದನ್ನು ಕೇಳಿರಲೇ ಇಲ್ಲ. ಮತ್ತೆ ಮತ್ತೆ ಆಮೇಲೆ, ಆಮೇಲೆ ಎಂದಳು.

ಮರುದಿನ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅತ್ತೆ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಎಲೆಯ ಮೇಲೆ ಹನಿಗಳಿರಲಿಲ್ಲ. ಕೂದಲೆಳೆಯಂಥ ಬಾಲಗಳು ಇಡೀ ಎಲೆಯ ತುಂಬ ನಡುಗುತ್ತಿದ್ದವು.

"ಒಂದು ಬಿತ್ತು," ಎಂದು ಪಿಸುಗುಟ್ಟಿದರು ಅತ್ತೆ.

ಎಲೆಯಿಂದ ಕಳಚಿದ ಮರಿಯೊಂದು ತಳದತ್ತ ಇಳಿಯುತ್ತಿತ್ತು. ಗಂಡು ಮೀನು ಸರ್ರನೆ ತಿರುಗಿ ಅದನ್ನು ಬಾಯೊಳಗೆ ಎಳೆದುಕೊಂಡಿತು. ಸೊಸೆಯ ರಟ್ಟೆಯ ಮೇಲೆ ಅತ್ತೆಯ ಹಿಡಿತ ಬಿಗಿಯಾಯಿತು. ಮೀನು ಬಾಯಿ ಮುಚ್ಚಿಕೊಂಡೇ ನಿಧಾನವಾಗಿ ಮೇಲೇರಿತು, ಎಲೆಯ ಅಂಚಿಗೆ ಮೂತಿ ತಾಗಿಸಿತು, ಮರಿಯನ್ನು ಮತ್ತೆ ಅದರ ಜಾಗಕ್ಕೆ ಊದಿತು.