ಕಾಲು ಚಾಚಿ ಮಾಡಿದ ಪೂಜೆ

ಯರಗುಪ್ಪಿಯ ಮಡಿವಾಳೆಪ್ಪ ಲಿಂಗಪೂಜೆ ಮಾಡದೆ ಬಾಯಿಗೆ ಹನಿ ನೀರು ಬಿಟ್ಟುಕೊಂಡವನಲ್ಲ. ಮುಂಬೈ ಆಸ್ಪತ್ರೆಯ ಮಂಚದ ಮೇಲಾದರೂ ಈ ಹಟ ಬಿಟ್ಟಾನು ಎಂದು ಹೆಂಡತಿ ರೇವವ್ವ ಆಸೆಪಟ್ಟದ್ದು ಸುಳ್ಳಾಯಿತು.

ಬೆಳಗಿನ ಜಾವವೇ, ಪೂಜೆಗೆ ಪುರುಸೊತ್ತು ಕೊಡದೆ ಅವನನ್ನು ಒಳಗೆ ಒಯ್ದಿದ್ದರು. ತೊಡೆಸಂದಿನ ರಕ್ತನಾಳದೊಳಗೆ ಸಣ್ಣ ನಳಿಗೆ ತೂರಿಸಿ, ಲಿವರಿನ ಕ್ಯಾನ್ಸರ್ ಗಡ್ಡೆಗೆ ಔಷಧ ಬಿಟ್ಟು, ಗಡ್ಡೆಗೆ ಹೋಗುವ ರಕ್ತ ನಿಲ್ಲಿಸಿದ್ದರು. ಆಮೇಲೆ ಡಾಕ್ಟರು ಹೇಳಿದ್ದು ಎರಡೇ ಮಾತು. ನಾಳೆಯ ತನಕ ಬಲಗಾಲು ಮಡಚಬಾರದು. ನೀರು ಚೆನ್ನಾಗಿ ಕುಡಿಯಬೇಕು. ಸಲೈನ್ ಒಂದೇ ಸಾಲದು, ಕಿಡ್ನಿ ಕೆಟ್ಟೀತು.

ವಾಂತಿಯಾಗಿ ತುಟಿ ಒಣಗಿದರೂ ಅವನು ನೀರು ಮುಟ್ಟಲಿಲ್ಲ. ರೇವವ್ವ ಮೈ ಒರೆಸಲೆಂದು ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಎದ್ದು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಕೆಳಗೆ ಚಾದರ ಕೆಂಪಾಗುತ್ತಿತ್ತು.

"ಸಿಸ್ಟರ! ಓಡಿ ಬರ್ರೀ!"

ಹುಬ್ಬಳ್ಳಿಯಿಂದ ಮದುವೆಯಾಗಿ ಬಂದಿದ್ದ ನರ್ಸ್ ಫಾತಿಮಾಬಿ ಅವನನ್ನು ಮಲಗಿಸಿ, ಸಂದಿನ ಮೇಲೆ ಎರಡೂ ಕೈ ಊರಿ ಒತ್ತಿ ನಿಂತಳು. ಅಲ್ಲಿ ಬದನೆಕಾಯಿಯಷ್ಟು ಬಾವು ಎದ್ದಿತ್ತು.

"ಹೊಲದಾಗ ಒಡ್ಡು ಒಡದ್ರೂ ಹಿಂಗ ಕಣ್ಣು ಮುಚ್ಚಿ ಕುಂದರ್ತಿದ್ರೇನ್ರಿ ಅಜ್ಜಾರ? ಮೊದಲ ನೀರು ಕುಡೀರಿ."

"ಪೂಜಿ ಅರ್ಧಕ್ಕ ನಿಂತೈತಿ. ಬ್ಯಾಡ." ಲಿಂಗ ಅವನ ಮುಷ್ಟಿಯಲ್ಲೇ ಇತ್ತು.

"ಮಲಕೊಂಡ ಮಾಡ್ರಲ್ಲ," ಎಂದಳು ರೇವವ್ವ.

"ನಮ್ಮಾಗ ಹೆಣಾ ಸುದ್ದಾ ಕುಂದರಿಸಿ ಮಣ್ಣು ಮಾಡ್ತಾರ. ಜೀವ ಇದ್ದಾಂವ ಕಾಲು ಚಾಚಿ ಮಾಡ್ಲೇನು?"

ರೇವವ್ವನಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ನಿಮಗ ಲಿಂಗಾ ಕಟ್ಟಿದಾಗ ನೀವು ಹಸಗೂಸು. ಅತ್ತಿಯವರ ತೊಡಿ ಮ್ಯಾಲ ಅಂಗಾತ ಬಿದ್ದು ಕಾಲು ಬಡೀತಿದ್ರಿ. ಆವತ್ತೇನು ಎದ್ದು ಕುಂತಿದ್ರೇನು? ಶಿವಾ ಬ್ಯಾಡಂದು ಹೋದನೇನು?"

ಮಡಿವಾಳೆಪ್ಪನಿಗೆ ನಗು ಬಂತೇನೋ, ಹೊಟ್ಟೆನೋವಿಗೆ ಮುಖ ಕಿವುಚಿದ. ನಿಧಾನಕ್ಕೆ ಮುಷ್ಟಿ ಬಿಚ್ಚಿದ. ಮಲಗಿದಲ್ಲೇ ಅಂಗೈ ಎತ್ತಲು ಹೋದ, ಅದು ವಾಲಿತು.

ಅವನ ಇಷ್ಟಲಿಂಗವನ್ನು ಹೆಂಡತಿಯಾದರೂ ರೇವವ್ವ ಮುಟ್ಟುವಂತಿರಲಿಲ್ಲ. ಅವನ ಅಂಗೈ ಕೆಳಗೆ ತನ್ನ ಅಂಗೈ ಇಟ್ಟು ಎತ್ತಿ ಹಿಡಿದಳು.

"ಕಾಲು ನಾ ಹಿಡದೀನಿ," ಎಂದಳು ಫಾತಿಮಾಬಿ ತಲೆ ಎತ್ತದೆ. "ಕೈ ನೀವು ಬಿಡಬ್ಯಾಡ್ರಿ."

ತಂಬಿಗೆಯಲ್ಲಿ ಬಲಗೈ ಅದ್ದಿ ಅವನು ಲಿಂಗದ ಮೇಲೆ ಹನಿಸಿದ ನೀರು ಇಬ್ಬರ ಬೆರಳಸಂದಿಯಿಂದ ಇಳಿದು ಅವನ ಎದೆ ತೋಯಿಸಿತು. ಕಣ್ಣು ಮುಚ್ಚಿದ. ಬಲಗಾಲು ನೆಟ್ಟಗಿತ್ತು.

ಲಿಂಗವನ್ನು ಕೊರಳಿಗೆ ಕಟ್ಟಿಕೊಂಡ ಮೇಲೆ ಒಣ ನಾಲಗೆ ಹೊರಳಿಸಿ ಕೇಳಿದ:

"ತಂಬಿಗಿಯೊಳಗ ನೀರು ಉಳದಾವೇನು?"