ಹೊಟ್ಟೆ ಚೆನ್ನಾಗಿದೆ

ಇವತ್ತಾದರೂ ಹೇಳಿಬಿಡಲೇ? ಹೇಳಿದರೆ ಏನಾಗುತ್ತದೆ ಎಂದು ಗೊತ್ತಿದೆ. ಹೇಳದಿದ್ದರೆ ಏನಾಗುತ್ತದೆ ಎಂಬುದಷ್ಟೇ ಗೊತ್ತಿಲ್ಲ. ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದೇ ವಾಸಿಯೇ?

ಗೇಟಿನ ಪಕ್ಕದ ಕಕ್ಕಸಿನಲ್ಲಿ ಅವನು ಇನ್ನೂ ಕೂತೇ ಇದ್ದ. ಕೆಳಗೆ ನೋಡಬಾರದು ಎಂದುಕೊಂಡೇ ನೋಡಿದ. ಕೆಂಪು. ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ಅಳೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ನೀರು ಸುರಿದ. ಗೋಡೆ ಹಿಡಿದು ಎದ್ದ.

"ಏ ಋಷಿ, ತಪಸ್ಸು ಮುಗೀತೇನೋ? ದೇವರು ಪ್ರತ್ಯಕ್ಷ ಆದ್ರೆ ನಾನೂ ಕೇಳಿದೆ ಅಂತ ಹೇಳು." ಹೊರಗಿನಿಂದ ಕೆಂಚನ ದನಿ.

ಮಾತು ಕಡಿಮೆ ಎಂದು ಜೊತೆಯವರು ಅವನಿಗೆ ಇಟ್ಟ ಹೆಸರು ಋಷಿ. ಅವನು ಬಾಗಿಲು ತೆರೆದು ಬಂದ. ಸರತಿಯಲ್ಲಿ ನಿಂತ.

ಗೇಟಿನಲ್ಲಿ ಕಾವಲುಗಾರ ದಿನವೂ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಾನೆ. ಹೊಟ್ಟೆ ಹೇಗಿದೆ? ಅದು ಕಾಳಜಿಯಲ್ಲ, ನಿಯಮ. ಒಳಗೆ ಸಾಕಿರುವ ಬಿಳಿ ಇಲಿಗಳ ಕರುಳಿನ ಮೇಲೆ ಸಂಶೋಧನೆ ನಡೆಯುತ್ತಿದೆ. ಭೇದಿಯಾದವರು ಒಳಗೆ ಹೋದರೆ ಇಲಿಗಳಿಗೆ ರೋಗ ತಗಲಬಹುದು. ಹೊಟ್ಟೆ ಕೆಟ್ಟವರು ಮನೆಗೆ ಹೋಗಬೇಕು, ರಿಪೋರ್ಟು ಸರಿಯಾಗಿ ಬರುವವರೆಗೆ ಬರಬಾರದು. ಅಷ್ಟು ದಿನ ಸಂಬಳವಿಲ್ಲ. ಗುತ್ತಿಗೆಯವರಿಗೆ ರಜೆ ಎಂಬುದೇ ಇಲ್ಲ. ಬಾರದಿದ್ದರೆ ಆ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ.

ಹಾಗಾಗಿ ಅಲ್ಲಿ ಯಾರ ಹೊಟ್ಟೆಯೂ ಎಂದೂ ಕೆಟ್ಟಿರಲಿಲ್ಲ.

"ಹೊಟ್ಟೆ ಹೇಗಿದೆ?"

"ಚೆನ್ನಾಗಿದೆ," ಎಂದ ಅವನು.

ಒಳಗೆ ಹೋಗುವ ಮೊದಲು ಸ್ನಾನ. ಆಮೇಲೆ ಬಿಳಿ ದಿರಿಸು, ಟೋಪಿ, ಮುಖಕ್ಕೆ ಬಟ್ಟೆ, ಕೈಗೆ ಗವಸು. ಇಲಿಗಳ ಕೋಣೆಗೆ ಬರುವ ಗಾಳಿ ಸೋಸಿ ಬರುತ್ತದೆ. ಅವುಗಳ ಆಹಾರ ಹಬೆಯಲ್ಲಿ ಬೆಂದು ಬರುತ್ತದೆ. ಬಿಸಿ ಹೆಚ್ಚಲ್ಲ, ಚಳಿ ಹೆಚ್ಚಲ್ಲ. ಅವನ ಮನೆಯಲ್ಲಿ ಒಂದೇ ಕಿಟಕಿ, ಅದು ಚರಂಡಿಯ ಕಡೆಗೆ.

ಕೋಣೆಯ ಉದ್ದಕ್ಕೂ ಪಾರದರ್ಶಕ ಪಂಜರಗಳ ಸಾಲು. ಕೆಲವಕ್ಕೆ ಬರೀ ನೀರು. ಕೆಲವಕ್ಕೆ ನೀರಿನಲ್ಲಿ ಒಂದು ಪುಡಿ ಕರಗಿಸಿ ಕೊಡುತ್ತಾರೆ. ಅದನ್ನು ಕುಡಿದ ಇಲಿಯ ಕರುಳು ಉರಿದು ಹುಣ್ಣಾಗುತ್ತದೆ. ಆಮೇಲೆ ಹೊಸ ಔಷಧ ಕೊಟ್ಟು ಗುಣವಾಗುತ್ತದೆಯೇ ಎಂದು ನೋಡುತ್ತಾರೆ. ಅವನ ಕೆಲಸ ಪಂಜರ ಬದಲಿಸುವುದು, ಬಾಟಲಿ ತುಂಬುವುದು, ಇಲಿಯ ಬಾಲ ಎತ್ತಿ ರಕ್ತ ಇದೆಯೇ ಎಂದು ನೋಡಿ ಹೇಳುವುದು.

ರೋಗ ಹತ್ತಿದ ಇಲಿ ಬೆನ್ನು ಬಾಗಿಸಿ ಮೂಲೆಯಲ್ಲಿ ಕೂರುತ್ತದೆ. ರೋಮ ಒರಟಾಗುತ್ತದೆ. ಪಕ್ಕದವು ಮೈಮೇಲೆ ಹತ್ತಿದರೂ ಕದಲುವುದಿಲ್ಲ. ಅವನು ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಅದರ ಹೊಟ್ಟೆ ಅವನ ಬೆರಳಿಗೆ ಬಿಸಿಯಾಗಿ ತಗಲುತ್ತಿತ್ತು.

ಒಮ್ಮೆ ಮೇಡಂ ಅದನ್ನು ನೋಡಿದ್ದರು. ಈ ಸಂಶೋಧನೆಗೆಲ್ಲ ಅವರೇ ಹಿರಿಯರು. ಕೆಟ್ಟವರಲ್ಲ.

"ಪಾಪ ಅನ್ನಿಸುತ್ತೆ ಅಲ್ವಾ?" ಎಂದಿದ್ದರು. "ನನಗೂ ಅನ್ನಿಸುತ್ತೆ. ಆದರೆ ಇದೇ ಕಾಯಿಲೆ ಇರೋ ಮನುಷ್ಯರು ಎಷ್ಟೋ ಜನ ಇದಾರೆ. ನಮ್ಮ ಮೈಯನ್ನ ಕಾಯಬೇಕಾದ ಶಕ್ತಿನೇ ತಿರುಗಿಬಿದ್ದು ಕರುಳನ್ನ ತಿನ್ನುತ್ತೆ. ಹೊರಗೆ ಕಾಣಲ್ಲ. ನಾಚಿಕೆಗೆ ಹೇಳ್ಕೊಳಲ್ಲ. ಅಂಥವರಿಗೆ ಒಂದು ದಾರಿ ಆದ್ರೆ, ಅದರಲ್ಲಿ ನಿಮ್ಮ ಕೈಯೂ ಇರುತ್ತೆ."

ತನಗೂ ಹಾಗೇ ಎಂಬ ಮಾತು ಅವನ ಬಾಯಿಯವರೆಗೆ ಬಂದಿತ್ತು. ಆ ಹೊತ್ತಿಗೆ ಮೇಡಂ ಗೋಡೆಯ ಗಡಿಯಾರ ನೋಡಿದರು. ಅವನು "ಹೂಂ" ಎಂದ.

ಸರ್ಕಾರಿ ಆಸ್ಪತ್ರೆಗೆ ಒಮ್ಮೆ ಹೋಗಿದ್ದ. ಕರುಳಿಗೆ ಕ್ಯಾಮೆರಾ ಇಳಿಸಿ ನೋಡಬೇಕು, ಸರದಿ ಬಂದಾಗ ಕರೆಯುತ್ತೇವೆ ಎಂದಿದ್ದರು. ಸರದಿ ಬಂದಿರಲಿಲ್ಲ. ಹೆಂಡತಿಗೆ "ಉಷ್ಣ ಆಗಿದೆ" ಎಂದು ಹೇಳಿದ್ದ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಸಂಜೆ ಬಂದು ಕೂತಲ್ಲೇ ತೂಕಡಿಸುತ್ತಿದ್ದಳು. "ಇದೆಂಥ ಉಷ್ಣನಪ್ಪ, ಮಳೆಗಾಲದಲ್ಲೂ ಇಳಿಯಲ್ಲ" ಎಂದು ಒಂದು ಸಲ ಅಂದಳು. ಮತ್ತೆ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುವುದೋ ಎಂದು ಅವಳಿಗೂ ಹೆದರಿಕೆ ಇದ್ದಿರಬೇಕು.

ಆ ವಾರ ಬರೀ ನೀರು ಕುಡಿಯುವ ಇಲಿಗಳೂ ಬೆನ್ನು ಬಾಗಿಸಿ ಕೂತವು.

ಅವುಗಳಿಗೆ ಏನೂ ಆಗಬಾರದಿತ್ತು. ಅವು ಚೆನ್ನಾಗಿದ್ದರೆ ಮಾತ್ರ ರೋಗದ ಇಲಿಗಳ ಜೊತೆ ಹೋಲಿಸಿ ನೋಡಲು ಸಾಧ್ಯ. ಹೊರಗಿನ ಯಾವುದೋ ರೋಗಾಣು ಒಳಗೆ ಬಂದಿದೆ ಎಂದರು ಮೇಡಂ. ಅವರ ಮುಖ ಬಿಳಿಚಿತ್ತು. ವರ್ಷಗಳ ಕೆಲಸ ನೀರಿನಲ್ಲಿ ಹೋಮವಾಗುವುದರಲ್ಲಿತ್ತು.

ಮಧ್ಯಾಹ್ನ ಗುತ್ತಿಗೆದಾರನ ಮೇಸ್ತ್ರಿ ಬಂದ. ಕೈಯಲ್ಲಿ ಚೀಲ, ಚೀಲದಲ್ಲಿ ಪ್ಲಾಸ್ಟಿಕ್ ಡಬ್ಬಿಗಳು. ಪಂಜರ ತೊಳೆಯುವ ಕೋಣೆಯಲ್ಲಿ ಗುತ್ತಿಗೆಯ ಐದೂ ಜನರನ್ನು ನಿಲ್ಲಿಸಿದ.

"ಒಬ್ಬೊಬ್ಬರಿಗೆ ಒಂದು. ನಾಳೆ ಬೆಳಿಗ್ಗೆ ತುಂಬಿಸ್ಕೊಂಡು ಬನ್ನಿ."

"ಏನು ತುಂಬಿಸೋದು ಸಾರ್, ಜೇನುತುಪ್ಪವಾ?" ಎಂದ ಕೆಂಚ.

"ನಿನ್ನ ಹೇಲು ಕಣೋ. ಯಾರ ಹೊಟ್ಟೇಲಿ ಏನಿದೆ ಅಂತ ನೋಡ್ತಾರೆ. ಏನಾದ್ರೂ ಸಿಕ್ತೋ, ಅವನು ಹೊರಗೆ. ಮತ್ತೆ ಈ ಕಡೆ ತಲೆ ಹಾಕೋ ಹಾಗಿಲ್ಲ."

ಮೇಸ್ತ್ರಿ ಹೋದ. ತೊಳೆಯುವ ಯಂತ್ರ ಒಂದೇ ಸಮ ಗರಗರ ಎನ್ನುತ್ತಿತ್ತು. ಕೆಂಚನಿಗೆ ಹಿಂದಿನ ವಾರ ಭೇದಿಯಾಗಿತ್ತು. ಮೈ ಸಣ್ಣ ಎಂದು ಸೊಣಕಲಿ ಎನಿಸಿಕೊಂಡವಳ ಮನೆಯಲ್ಲಿ ಮಗುವಿಗೆ ಇನ್ನೂ ನಿಂತಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿ ಡಬ್ಬಿಯನ್ನು ದಿರಿಸಿನ ಮಡಿಕೆಯಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಅವನು ಪಂಜರಗಳ ಹಿಂದೆ ಹೋಗಿ ನೆಲದ ಮೇಲೆ ಕೂತ.

ದೊಡ್ಡಕ್ಕ ಬಂದು ಪಕ್ಕದಲ್ಲಿ ಕೂತಳು. ಎಲ್ಲರ ಬಿಳಿ ದಿರಿಸು ಒಗೆದು ಹಬೆಗೆ ಹಾಕುವವಳು ಅವಳು. ಮೊಣಕೈವರೆಗೆ ಚರ್ಮ ಬೆಂದು ಬೆಳ್ಳಗಾಗಿತ್ತು.

"ಎಷ್ಟು ದಿನ ಆಯ್ತೋ?"

"ಏನು?"

"ನಿನ್ನ ಬಟ್ಟೆ ಒಗೆಯೋಳು ನಾನು ಕಣಪ್ಪ. ನನ್ನ ಹತ್ರ ಏನು ಅಂತ ಕೇಳ್ತೀಯಾ?"

ಅವನು ತಲೆ ತಗ್ಗಿಸಿದ.

"ಬೇರೆ ಯಾರ ಕಣ್ಣಿಗೂ ಬೀಳದ ಹಾಗೆ ನಿಂದನ್ನ ಮೊದಲೇ ತೆಗೆದು ಒಗೀತಾ ಇದೀನಿ. ಒಂದು ದಿನ ಹೇಳ್ತಾನೆ, ಹೇಳ್ತಾನೆ ಅಂತ ಕಾದೆ. ಕಲ್ಲಾದ್ರೂ ಮಾತಾಡುತ್ತೆ, ನೀನು ಮಾತಾಡಲ್ಲ." ಅವಳು ಅವನ ಕೈಯಿಂದ ಡಬ್ಬಿ ಕಿತ್ತುಕೊಂಡಳು. "ಇದನ್ನ ನಾನು ತುಂಬಿಸ್ತೀನಿ."

"ಬೇಡ ಅಕ್ಕ."

"ಸುಮ್ನಿರು. ನನ್ನ ಹೊಟ್ಟೆ ಕಲ್ಲು ತಿಂದು ಕಲ್ಲು ಅರಗಿಸುತ್ತೆ."

ಮಾತು ಪಂಜರಗಳಾಚೆ ಕೇಳಿಸಿತ್ತು. ಕೆಂಚ ತನ್ನ ಡಬ್ಬಿ ಹಿಡಿದುಕೊಂಡು ಬಂದ. ಅವನ ಹಿಂದೆ ಸೊಣಕಲಿ. ಆಮೇಲೆ ಹೊಸ ಹುಡುಗಿ.

ದೊಡ್ಡಕ್ಕ ಡಬ್ಬಿಗಳನ್ನು ನೋಡಿದಳು, ಅವರ ಮುಖಗಳನ್ನು ನೋಡಿದಳು. "ಅಯ್ಯೋ ನನ್ನ ಮಕ್ಕಳಾ. ಕಟ್ಟಿಕೊಂಡ ಗಂಡ ಇಷ್ಟು ವರ್ಷದಲ್ಲಿ ನನ್ನಿಂದ ಬೇಕು ಅಂತ ಒಂದನ್ನೂ ಕೇಳಲಿಲ್ಲ. ನೀವು ಕೇಳ್ತಿರೋದು ಇದನ್ನ."

ಸೊಣಕಲಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಅವನೂ ನಕ್ಕ. ನಕ್ಕರೆ ಹೊಟ್ಟೆ ನೋಯುತ್ತಿತ್ತು.

ಮರುದಿನ ಐದು ಡಬ್ಬಿಗಳು ಹೋದವು. ವಾರದ ಕೊನೆಗೆ ಮೇಡಂ ಎಲ್ಲರನ್ನೂ ಕೋಣೆಗೆ ಕರೆಸಿದರು. ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ.

"ಯಾವ ಡಬ್ಬೀಲೂ ರೋಗಾಣು ಇಲ್ಲ," ಎಂದರು ಮೇಡಂ. "ಆದರೆ ಐದೂ ಒಬ್ಬರದ್ದೇ. ಒಬ್ಬರ ಕರುಳಲ್ಲಿರೋ ಸೂಕ್ಷ್ಮಜೀವಿಗಳು ಇನ್ನೊಬ್ಬರ ಹಾಗಿರಲ್ಲ. ನಾವು ಇಲ್ಲಿ ದಿನವೂ ನೋಡೋದೇ ಅದನ್ನ. ನಮಗೇ ಮೋಸ ಮಾಡ್ತೀರಾ?"

"ಇಲಿಗಳಿಗೆ ನೀವೇ ಮಾಡಿಸ್ತೀರಲ್ಲ ಮೇಡಂ," ಎಂದಳು ದೊಡ್ಡಕ್ಕ. "ಎಲ್ಲದರ ಕರುಳೂ ಒಂದೇ ಸಮ ಆಗ್ಲಿ ಅಂತ ಒಂದರ ಗಲೀಜು ಇನ್ನೊಂದರ ಪಂಜರಕ್ಕೆ ಹಾಕಿಸ್ತೀರಿ. ನಾವೂ ಹಾಗೇ ಒಂದೇ ಸಮ ಆಗಿದೀವಿ ಅಂದ್ಕೊಳ್ಳಿ."

"ಬಾಯಿ ಮುಚ್ಚು," ಎಂದ ಮೇಸ್ತ್ರಿ. "ಯಾರದ್ದು ಅದು?"

"ನಂದು. ಎಲ್ಲಾ ನಂದೇ."

"ಯಾರನ್ನ ಉಳಿಸೋಕೆ ಮಾಡಿದೆ?"

"ಕೇಳಿದವರಿಗೆಲ್ಲ ಕೊಟ್ಟೆ. ದಾನ ಮಾಡೋವಾಗ ಹೆಸರು ಕೇಳ್ತಾರಾ?"

ಮೇಡಂ ಏನೋ ಹೇಳಲು ಬಾಯಿ ತೆರೆದರು. ದೊಡ್ಡಕ್ಕ ಅವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ಕೋಣೆಗೆ ನೀವೂ ಹೋಗ್ತೀರಿ. ನಿಮ್ಮ ಕೈಕೆಳಗೆ ಓದೋರೂ ಹೋಗ್ತಾರೆ. ನಿಮ್ಮ ಡಬ್ಬಿ ಎಲ್ಲಿ ಮೇಡಂ?"

ಮೇಡಂ ಮೇಜಿನ ಮೇಲಿನ ಕಾಗದಗಳನ್ನು ಸರಿಸಿದರು. ಮತ್ತೆ ಅದೇ ಜಾಗದಲ್ಲಿ ಇಟ್ಟರು.

ದೊಡ್ಡಕ್ಕನನ್ನು ಆ ಸಂಜೆಯೇ ಹೊರಗೆ ಹಾಕಿದರು. ಮಿಕ್ಕವರನ್ನು ಮುಟ್ಟಲಿಲ್ಲ, ಇಲಿಗಳನ್ನು ನೋಡುವವರು ಬೇಕಿತ್ತು. ಅವಳು ಹೋಗುವಾಗ ಅವನು ಪಂಜರಕ್ಕೆ ಹೊಟ್ಟು ತುಂಬುತ್ತಿದ್ದ. ಅವಳು ಬಾಗಿಲಲ್ಲಿ ನಿಂತು, "ಆಸ್ಪತ್ರೆಗೆ ಹೋಗು. ನಿನ್ನ ಸರದಿ ಅವರಾಗಿ ಕೊಡಲ್ಲ, ಹೋಗಿ ಕೂತ್ಕೋ," ಎಂದಳು. ಅವನು ತಲೆಯಾಡಿಸಿದ. ಅವಳು ಹೋದ ಮೇಲೂ ಆಡಿಸುತ್ತಲೇ ಇದ್ದ.

ಮರುದಿನ ಬೆಳಿಗ್ಗೆ ಯಾರೂ ಏನನ್ನೂ ಮಾತಾಡಿಕೊಂಡು ಬಂದಿರಲಿಲ್ಲ. ಸರತಿಯಲ್ಲಿ ಮೊದಲು ಕೆಂಚ ಇದ್ದ.

"ಹೊಟ್ಟೆ ಹೇಗಿದೆ?"

ಕೆಂಚ ಊಟದ ಚೀಲ ಕೆಳಗಿಟ್ಟ. "ಕೆಟ್ಟಿದೆ," ಎಂದ.

"ಏನಂದೆ?"

"ಕೆಟ್ಟಿದೆ ಅಂದೆ. ನಿಮ್ಮ ನಿಯಮದ ಪ್ರಕಾರ ನಾನು ಒಳಗೆ ಬರೋ ಹಾಗಿಲ್ಲ." ಅವನು ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತ.

ಕಾವಲುಗಾರ ಸೊಣಕಲಿಯ ಮುಖ ನೋಡಿದ. "ನಂದೂ ಕೆಟ್ಟಿದೆಯಪ್ಪ. ಹುಟ್ಟಿದಾಗಿಂದ," ಎಂದಳು ಅವಳು. ಹೊಸ ಹುಡುಗಿಯ ದನಿ ಸರಿಯಾಗಿ ಕೇಳಿಸಲಿಲ್ಲ. ಆದರೆ ಅವಳೂ ಗೋಡೆಯ ಕಡೆಗೇ ಹೋದಳು.

ಅವನ ಸರದಿ ಬಂತು. ಇಷ್ಟು ಕಾಲ ನಾಲಿಗೆಯಲ್ಲಿ ಮುಳ್ಳಿನ ಹಾಗೆ ಇದ್ದ ಮಾತು ಅಷ್ಟು ಹಗುರವಾಗಿ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಕೆಟ್ಟಿದೆ," ಎಂದ.

"ಭೇಷ್ ಋಷಿ," ಎಂದು ಕೆಂಚ ಅವನ ಬೆನ್ನು ತಟ್ಟಿದ. "ನೀನು ಕೈ ಕೊಡ್ತೀಯ ಅಂದ್ಕೊಂಡಿದ್ದೆ."

ಮೇಸ್ತ್ರಿ ಬಂದು ಕೂಗಾಡಿದ. ಹೊಸಬರನ್ನು ಕರೆತರುತ್ತೇನೆ ಎಂದ. ಹೊಸಬರಿಗೆ ಇಲಿ ಹಿಡಿಯಲು ಕಲಿಸುವವರು ಯಾರು ಎಂದು ಸೊಣಕಲಿ ಕೇಳಿದಳು. ಬಿಸಿಲೇರಿದ ಮೇಲೆ ಮೇಡಂ ತಾವೇ ಗೇಟಿಗೆ ಬಂದರು. ರಾತ್ರಿ ನಿದ್ದೆ ಮಾಡಿದವರ ಹಾಗೆ ಕಾಣಲಿಲ್ಲ.

"ನೋಡಿ, ರೋಗ ನಿಮ್ಮಿಂದ ಬಂದದ್ದಲ್ಲ," ಎಂದರು. "ಬೇರೆ ಸಂಸ್ಥೆಯಿಂದ ತರಿಸಿದ ಇಲಿಗಳಲ್ಲಿ ಇತ್ತು. ಅವನ್ನ ಸ್ವಲ್ಪ ಕಾಲ ಬೇರೆ ಇಡಬೇಕಿತ್ತು. ಅವಸರ ಆಯ್ತು. ಈಗ ಒಳಗೆ ಬನ್ನಿ. ನೀರಿನ ಬಾಟಲಿ ಖಾಲಿಯಾಗಿವೆ. ಪಾಪ, ಬಾಯಿಲ್ಲದ ಪ್ರಾಣಿಗಳು."

"ಹೌದು, ಪಾಪ," ಎಂದಳು ಸೊಣಕಲಿ. "ಹಾಗಾದ್ರೆ ದೊಡ್ಡಕ್ಕನೂ ಬರ್ತಾಳಲ್ವಾ ಮೇಡಂ?"

"ಅದು ಬೇರೆ ವಿಷಯ. ಅವರು ಮೋಸ ಮಾಡಿದಾರೆ. ಅದು ನನ್ನ ಕೈಯಲ್ಲಿಲ್ಲ."

"ಅವಸರ ಮಾಡಿದವರು?" ಎಂದ ಕೆಂಚ.

ಮೇಡಂ ಅವನನ್ನು ನೋಡಲಿಲ್ಲ. ಗೋಡೆಯ ಉದ್ದಕ್ಕೂ ನಿಂತ ನಾಲ್ವರ ಮೇಲೆ ಅವರ ಕಣ್ಣು ಹಾದುಹೋಯಿತು. ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

"ಈ ಆಟ ಸಾಕು. ನಿಜವಾಗ್ಲೂ ಹುಷಾರಿಲ್ಲದವರು ನಿಮ್ಮಲ್ಲಿ ಯಾರಾದ್ರೂ ಇದ್ರೆ ಹೇಳಿ. ಅವರೊಬ್ಬರು ಹೊರಗಿರಲಿ. ಮಿಕ್ಕವರು ಒಳಗೆ ಬನ್ನಿ."

ಕೆಂಚ ಅವನ ಭುಜಕ್ಕೆ ಭುಜ ಒತ್ತಿ ನಿಂತಿದ್ದ. ಹೊಸ ಹುಡುಗಿ ಕಾಲ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಅವನ ಹೊಟ್ಟೆಯೊಳಗೆ ಏನೋ ಹಿಂಡಿತು. ಬೆವರು ಕತ್ತಿನಿಂದ ಇಳಿಯಿತು. ಅವನು ಬೆನ್ನು ಬಾಗದಂತೆ ಗೋಡೆಗೆ ಒತ್ತಿ ಹಿಡಿದ.

"ಎಲ್ಲರಿಗೂ ಹುಷಾರಿಲ್ಲ," ಎಂದಳು ಸೊಣಕಲಿ.

ಮೇಡಂ ಇನ್ನೂ ಕಾಯುತ್ತಿದ್ದರು. ಅಲ್ಲಿ ನಿಂತವರಲ್ಲಿ ತನ್ನೊಬ್ಬನ ಮಾತು ಮಾತ್ರ ನಿಜ ಎಂದು ಅವನು ಹೇಳಲಿಲ್ಲ.